ನಷ್ಟ ಯಾರ ಖಾತೆಗೆ?

ದೀಪಾವಳಿಗೆ ಮುಂಚಿನ ರಿಯಾಯಿತಿ ಮಾರಾಟ ಆರಂಭವಾಗುವ ರಾತ್ರಿ, ಗಡಿಯಾರ ಹನ್ನೆರಡು ದಾಟುತ್ತಿದ್ದಂತೆ ದೇಶದ ಉದ್ದಗಲಕ್ಕೂ ಲಕ್ಷಾಂತರ ಜನ ಒಂದೇ ಹೊತ್ತಿಗೆ ಹಣ ಪಾವತಿಯ ಗುಂಡಿಯನ್ನು ಒತ್ತುತ್ತಾರೆ. ಪರದೆಯ ಮೇಲೆ ಸಣ್ಣದೊಂದು ಚಕ್ರ ಕೆಲವು ಸೆಕೆಂಡು ತಿರುಗುತ್ತದೆ, ಮೊಬೈಲಿಗೆ ಆರಂಕಿಯ ಸಂದೇಶ ಬರುತ್ತದೆ, ಅದನ್ನು ತುಂಬಿದೊಡನೆ ಹಸಿರು ಗುರುತು ಮೂಡಿ ಆರ್ಡರು ಖಾಯಂ ಆಗುತ್ತದೆ. ಅಷ್ಟರಲ್ಲಿ ಊರಾಚೆಯ ಉಗ್ರಾಣಗಳಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುವ ಕೆಲಸ ಶುರುವಾಗಿರುತ್ತದೆ. ಈ ಆರ್ಡರುಗಳ ರಾಶಿಯಲ್ಲಿ ಕೆಲವನ್ನು ಸಲ್ಲಿಸಿದವರು ತಮ್ಮ ಕಾರ್ಡನ್ನಲ್ಲ, ಬೇರೆ ಯಾರದೋ ಕಾರ್ಡಿನ ಅಂಕಿಗಳನ್ನು ಬಳಸಿರುತ್ತಾರೆ. ಸಂಖ್ಯೆ ಸರಿಯಾಗಿರುತ್ತದೆ, ಅವಧಿ ಮುಗಿಯುವ ತಿಂಗಳು ಸರಿಯಾಗಿರುತ್ತದೆ, ಹೆಸರೂ ಸರಿಯಾಗಿರುತ್ತದೆ, ಆದ್ದರಿಂದ ಅಂಗಡಿಯ ಕಂಪ್ಯೂಟರಿನ ಕಣ್ಣಿಗೆ ಕಾರ್ಡಿನ ಒಡೆಯನೂ ಕಳ್ಳನೂ ಒಂದೇ ತೆರನಾಗಿ ಕಾಣುತ್ತಾರೆ.

ಕೆಲವೇ ಸೆಕೆಂಡುಗಳಲ್ಲಿ ಇವರಿಬ್ಬರನ್ನು ಬೇರ್ಪಡಿಸುವುದು ಹೇಗೆ ಎಂಬುದು ಆನ್‌ಲೈನ್ ಅಂಗಡಿಯ ಮೊದಲ ಪ್ರಶ್ನೆ. ಬೇರ್ಪಡಿಸುವುದರಲ್ಲಿ ತಪ್ಪಿದರೆ ಹೋದ ಹಣವನ್ನು ಯಾರು ತುಂಬಬೇಕು ಎಂಬುದು ಎರಡನೆಯದು. ಮೊದಲನೆಯದರ ಬಗ್ಗೆ ಸಾಕಷ್ಟು ಮಾತು ನಡೆಯುತ್ತದೆಯಾದರೂ, ಒಂದು ದೇಶದ ಅಂಗಡಿಗಳು ವಂಚನೆಯನ್ನು ಎದುರಿಸುವ ಬಗೆಯನ್ನು ನಿಜವಾಗಿ ರೂಪಿಸಿರುವುದು ಎರಡನೆಯ ಪ್ರಶ್ನೆಗೆ ಅಲ್ಲಿನ ನಿಯಮಗಳು ಕೊಟ್ಟಿರುವ ಉತ್ತರವೇ.

ಕಾಣದ ಕಾರ್ಡಿನ ವ್ಯಾಪಾರ

ಬೀದಿಯ ಅಂಗಡಿಯಲ್ಲಿ ಕಾರ್ಡು ಯಂತ್ರದೊಳಗೆ ಹೋಗುತ್ತದೆ, ಅದರ ಚಿಪ್ ತಾನು ಅಸಲಿ ಎಂದು ಸಾಬೀತುಪಡಿಸುತ್ತದೆ, ಗ್ರಾಹಕ ಪಿನ್ ಒತ್ತುತ್ತಾನೆ. ಆನ್‌ಲೈನ್ ವ್ಯಾಪಾರದಲ್ಲಿ ಕಾರ್ಡೂ ಇಲ್ಲ, ಮುಖವೂ ಇಲ್ಲ; ಇರುವುದು ಸಾಮಾನ್ಯವಾಗಿ ಹದಿನಾರು ಅಂಕಿಗಳು, ಒಂದು ದಿನಾಂಕ ಮತ್ತು ಕಾರ್ಡಿನ ಹಿಂಬದಿಯ ಮೂರಂಕಿಯ ಸಿವಿವಿ ಮಾತ್ರ. ಈ ವಿವರಗಳು ಅಂಗಡಿಯಿಂದ ಪೇಮೆಂಟ್ ಗೇಟ್‌ವೇ ಎಂಬ ಮಧ್ಯವರ್ತಿ ವ್ಯವಸ್ಥೆಗೆ, ಅಲ್ಲಿಂದ ಅಂಗಡಿಯ ಬ್ಯಾಂಕಿಗೆ, ಅಲ್ಲಿಂದ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ಕಾರ್ಡು ಕೊಟ್ಟ ಬ್ಯಾಂಕಿಗೆ ತಲುಪಿ, ಅದರ ಒಪ್ಪಿಗೆ ಅದೇ ದಾರಿಯಲ್ಲಿ ಮರಳುತ್ತದೆ.

ಬ್ಯಾಂಕಿನ ಈ ಒಪ್ಪಿಗೆಯನ್ನು ಹಣ ಕೈಸೇರಿದ್ದಕ್ಕೆ ಖಾತರಿ ಎಂದು ಹೊಸ ವ್ಯಾಪಾರಿಗಳು ತಿಳಿಯುವುದುಂಟು. ಆದರೆ ಅದರ ಅರ್ಥ ಇಷ್ಟೇ: ಇಂಥ ಕಾರ್ಡು ಅಸ್ತಿತ್ವದಲ್ಲಿದೆ, ಅದು ಕಳೆದುಹೋಗಿದೆ ಎಂಬ ದೂರು ಬಂದಿಲ್ಲ, ಸಾಲದ ಮಿತಿ ಇನ್ನೂ ಉಳಿದಿದೆ. ಕಾರ್ಡನ್ನು ಬಳಸುತ್ತಿರುವವರು ಅದರ ಒಡೆಯರೇ ಎಂಬ ಮಾತು ಅದರಲ್ಲಿ ಇಲ್ಲ.

ವಾರಗಳು ಕಳೆದ ಮೇಲೆ ನಿಜವಾದ ಒಡೆಯ ತಿಂಗಳ ಬಿಲ್ಲು ನೋಡಿ ಇದು ತನ್ನ ಖರೀದಿಯಲ್ಲ ಎಂದು ದೂರಿದರೆ, ಕಾರ್ಡು ಕೊಟ್ಟ ಬ್ಯಾಂಕು ಆ ಮೊತ್ತವನ್ನು ಅಂಗಡಿಯ ಬ್ಯಾಂಕಿನಿಂದ, ಅದು ಅಂಗಡಿಯಿಂದ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಅಮೆರಿಕದಲ್ಲಿ 1970ರ ದಶಕದ ಕಾನೂನುಗಳು ಅನಧಿಕೃತ ಬಳಕೆಗೆ ಗ್ರಾಹಕನ ಹೊಣೆಯನ್ನು 50 ಡಾಲರಿಗೆ ಸೀಮಿತಗೊಳಿಸಿದವು. ಉಳಿದ ನಷ್ಟವನ್ನು ಬ್ಯಾಂಕು ಮತ್ತು ಅಂಗಡಿ ಹೇಗೆ ಹಂಚಿಕೊಳ್ಳಬೇಕೆಂಬುದನ್ನು ಕಾರ್ಡು ಜಾಲಗಳ ನಿಯಮಗಳು ನಿರ್ಧರಿಸಿದವು; ಕಾರ್ಡನ್ನು ಕಣ್ಣಾರೆ ಕಂಡು ಮಾರಿದ ಅಂಗಡಿ ಸಾಮಾನ್ಯವಾಗಿ ಪಾರಾಯಿತು, ಕಾಣದೆ ಮಾರಿದ ಅಂಗಡಿಯ ತಲೆಗೆ ಹೊಣೆ ಬಿತ್ತು. ಅಂತರ್ಜಾಲದ ಅಂಗಡಿಗಳೆಲ್ಲ ಈ ಎರಡನೆಯ ಗುಂಪಿಗೆ ಸೇರಿದವು.

ಹೀಗೆ ಸಿಕ್ಕಿಬಿದ್ದ ಅಂಗಡಿ ಸರಕನ್ನೂ ಹಣವನ್ನೂ ಸಾಗಣೆ ವೆಚ್ಚವನ್ನೂ ಕಳೆದುಕೊಳ್ಳುವುದಲ್ಲದೆ, ಪ್ರತಿ ಚಾರ್ಜ್‌ಬ್ಯಾಕಿಗೂ ಬ್ಯಾಂಕಿಗೆ ದಂಡರೂಪದ ಶುಲ್ಕ ಕಟ್ಟಬೇಕಾಗುತ್ತದೆ. ಹತ್ತು ಸಾವಿರ ರೂಪಾಯಿಯ ಫೋನಿನಲ್ಲಿ ಐನೂರು ರೂಪಾಯಿ ಲಾಭ ಉಳಿಯುತ್ತದೆ ಎಂದಿಟ್ಟುಕೊಂಡರೆ, ಒಂದು ಫೋನು ವಂಚಕರ ಪಾಲಾದಾಗ ಆ ನಷ್ಟ ತುಂಬಲು ಹತ್ತೊಂಬತ್ತು ಫೋನುಗಳನ್ನು ಪ್ರಾಮಾಣಿಕರಿಗೆ ಮಾರಬೇಕು. ಶುಲ್ಕಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಇಂಥ ದೂರುಗಳ ಪ್ರಮಾಣ ಮಿತಿ ಮೀರಿದರೆ ಕಾರ್ಡು ಜಾಲಗಳು ಅಂಗಡಿಯನ್ನು ನಿಗಾ ಪಟ್ಟಿಗೆ ಸೇರಿಸುತ್ತವೆ, ಕೊನೆಗೆ ಕಾರ್ಡು ಸ್ವೀಕರಿಸುವ ಅವಕಾಶವೇ ತಪ್ಪಬಹುದು. ಆನ್‌ಲೈನ್ ಅಂಗಡಿಯ ಪಾಲಿಗೆ ಅದು ಬಾಗಿಲು ಮುಚ್ಚಿದಂತೆಯೇ.

ಕದ್ದ ಅಂಕಿಗಳ ದಾರಿ

ಕಾರ್ಡಿನ ಅಂಕಿಗಳು ವಂಚಕರ ಕೈಸೇರುವುದು ಬಹುಮಟ್ಟಿಗೆ ಸಗಟಿನಲ್ಲಿ. ಅಮೆರಿಕದ ಟಿಜೆಎಕ್ಸ್ ಎಂಬ ಅಂಗಡಿ ಸರಪಳಿಯ ಕಂಪ್ಯೂಟರುಗಳಿಂದ ಕನಿಷ್ಠ 4.57 ಕೋಟಿ ಕಾರ್ಡುಗಳ ವಿವರ ಕಳುವಾಗಿದ್ದುದು 2007ರಲ್ಲಿ ಬಯಲಾಯಿತು. ಆ ಕೃತ್ಯದ ಮುಂದಾಳು ಆಲ್ಬರ್ಟ್ ಗೊನ್ಸಾಲೆಸ್‌ಗೆ 2010ರಲ್ಲಿ ಇಪ್ಪತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. ಇಂಥ ದಾಸ್ತಾನುಗಳನ್ನು ಕಾಯುವ ಸಲುವಾಗಿ ಕಾರ್ಡು ಕಂಪನಿಗಳು 2004ರ ಕೊನೆಯಲ್ಲಿಯೇ ಪಿಸಿಐ ಡಿಎಸ್‌ಎಸ್ ಎಂಬ ಸಮಾನ ಸುರಕ್ಷತಾ ನಿಯಮಾವಳಿಯನ್ನು ತಂದಿದ್ದವು. ಪಾವತಿಗೆ ಒಪ್ಪಿಗೆ ದೊರೆತ ಮೇಲೆ ಸಿವಿವಿಯನ್ನು ಯಾವ ಅಂಗಡಿಯೂ ಎಲ್ಲಿಯೂ ಉಳಿಸಿಟ್ಟುಕೊಳ್ಳಬಾರದು ಎಂಬುದು ಅದರ ಮುಖ್ಯ ಕಟ್ಟಳೆಗಳಲ್ಲಿ ಒಂದು.

ಉಳಿಸಿಡದ್ದನ್ನು ಕದಿಯಲಾಗದು ಎಂದಾದಾಗ ಕಳ್ಳರು ಗ್ರಾಹಕ ಅಂಕಿ ತುಂಬುವ ಗಳಿಗೆಯಲ್ಲೇ ಅದನ್ನು ಹಿಡಿಯುವ ಉಪಾಯ ಹುಡುಕಿದರು. 2018ರಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನಸಂಸ್ಥೆಯ ಜಾಲತಾಣದೊಳಗೆ ಅಪರಿಚಿತರು ಕೇವಲ 22 ಸಾಲುಗಳ ಪ್ರೋಗ್ರಾಮನ್ನು ಸೇರಿಸಿದ್ದು, ಟಿಕೆಟ್ ಕೊಳ್ಳುವವರು ತುಂಬಿದ ಕಾರ್ಡು ವಿವರಗಳ ಪ್ರತಿಯೊಂದು ಸದ್ದಿಲ್ಲದೆ ಬೇರೆಡೆಗೆ ಹೋಗುತ್ತಿತ್ತು. ಈ ಲೋಪಕ್ಕಾಗಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ಸಂಸ್ಥೆಗೆ 2 ಕೋಟಿ ಪೌಂಡ್ ದಂಡ ವಿಧಿಸಿತು.

ಸಗಟಿನಲ್ಲಿ ಕೊಂಡ ಕಾರ್ಡುಗಳಲ್ಲಿ ಎಷ್ಟು ಇನ್ನೂ ಚಾಲ್ತಿಯಲ್ಲಿವೆ ಎಂದು ತಿಳಿಯಲು ವಂಚಕರು ಮೊದಲು ಸಣ್ಣ ಮೊತ್ತದ ಪಾವತಿಗಳನ್ನು ಮಾಡಿ ನೋಡುತ್ತಾರೆ. ದೇಣಿಗೆ ಸಂಗ್ರಹಿಸುವ ಸೇವಾಸಂಸ್ಥೆಗಳ ತಾಣಗಳು ಇದಕ್ಕೆ ಮೆಚ್ಚಿನ ಗುರಿ, ಏಕೆಂದರೆ ಅಲ್ಲಿ ಮೊತ್ತವನ್ನು ಕೊಡುವವರೇ ನಿಗದಿಪಡಿಸುತ್ತಾರೆ ಮತ್ತು ಸರಕು ಕಳುಹಿಸಲು ವಿಳಾಸ ಬೇಕಿಲ್ಲ. ಅಂಕಿಗಳನ್ನು ಊಹಿಸಿ ಪ್ರಯತ್ನಿಸುವುದೂ ಉಂಟು. ಕಾರ್ಡು ಸಂಖ್ಯೆಯ ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕಹಾಕಿ ಬರುವಂಥದು. ಐಬಿಎಂ ಎಂಜಿನಿಯರ್ ಹ್ಯಾನ್ಸ್ ಪೀಟರ್ ಲೂನ್ ರೂಪಿಸಿ 1960ರಲ್ಲಿ ಪೇಟೆಂಟ್ ಪಡೆದ ಆ ಸೂತ್ರ ಬೆರಳಚ್ಚಿನ ತಪ್ಪುಗಳನ್ನು ಹಿಡಿಯಲೆಂದು ಹುಟ್ಟಿದ್ದೇ ಹೊರತು ಕಳ್ಳರನ್ನಲ್ಲ, ಹಾಗಾಗಿ ಅದಕ್ಕೆ ಒಪ್ಪುವ ಸಂಖ್ಯೆಗಳನ್ನು ಯಾರು ಬೇಕಾದರೂ ಎಷ್ಟು ಬೇಕಾದರೂ ತಯಾರಿಸಬಹುದು. ನಿಮಿಷಕ್ಕೆ ನೂರಾರು ಪ್ರಯತ್ನ ಮಾಡುವ ಸ್ವಯಂಚಾಲಿತ ಪ್ರೋಗ್ರಾಮುಗಳನ್ನು ತಡೆಯಲೆಂದೇ ಅಂಗಡಿಗಳು ಓರೆಕೋರೆ ಅಕ್ಷರಗಳನ್ನು ಓದಿಸುವ, ಸಂಚಾರದೀಪವಿರುವ ಚಿತ್ರಗಳನ್ನು ಆಯಿಸುವ ಪರೀಕ್ಷೆಗಳನ್ನು ಇಡುತ್ತವೆ.

ಅನುಮಾನಕ್ಕೆ ಅಂಕ

ನಷ್ಟವೆಲ್ಲ ತನ್ನದೇ ಎಂದಾದಾಗ ಅಂಗಡಿ ತಾನೇ ಪತ್ತೇದಾರನಾಗಬೇಕಾಯಿತು. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಸಾಫ್ಟ್‌ವೇರ್ ಡಾಟ್ ನೆಟ್ ಎಂಬ ಅಂಗಡಿ ಡೌನ್‌ಲೋಡ್ ಮೂಲಕ ತಂತ್ರಾಂಶ ಮಾರುತ್ತಿತ್ತು. ಕೊಳ್ಳುವವರ ವಿಳಾಸವೂ ಬೇಡದ ಆ ವ್ಯಾಪಾರದಲ್ಲಿ ಕದ್ದ ಕಾರ್ಡುಗಳ ಹಾವಳಿ ಬೇಗನೆ ಕಾಣಿಸಿಕೊಂಡಿತು. ಅದನ್ನು ತಡೆಯುವ ವಿದ್ಯೆಯನ್ನೇ ಇತರ ಅಂಗಡಿಗಳಿಗೆ ಮಾರುವ ಸೈಬರ್‌ಸೋರ್ಸ್ ಎಂಬ ಕಂಪನಿ ಅದರಿಂದ ಕವಲೊಡೆಯಿತು. 2010ರಲ್ಲಿ ವೀಸಾ ಅದನ್ನು ಸುಮಾರು 200 ಕೋಟಿ ಡಾಲರಿಗೆ ಕೊಂಡಿತು. ಮೂಲ ಅಂಗಡಿಯ ವ್ಯಾಪಾರಕ್ಕಿಂತ ಅದರ ಕಾವಲುಗಾರಿಕೆಯೇ ಹೆಚ್ಚು ಬೆಲೆ ಬಾಳಿತು ಎನ್ನಬಹುದು.

ಪೇಪಾಲ್ ಕಂಪನಿಯ ಕಥೆ ಇನ್ನೂ ಬೋಧಪ್ರದ. 2000ದ ಆಸುಪಾಸಿನಲ್ಲಿ ವಂಚಕರಿಂದಾಗಿ ಆ ಕಂಪನಿ ಮುಳುಗುವ ಸ್ಥಿತಿಗೆ ಬಂದಿದ್ದಾಗ, ಸಂಸ್ಥಾಪಕರಲ್ಲೊಬ್ಬರಾದ ಮ್ಯಾಕ್ಸ್ ಲೆವ್ಚಿನ್ ಮತ್ತು ಸಂಗಡಿಗರು ಸಾವಿರಾರು ಪಾವತಿಗಳ ನಡುವಿನ ನಂಟುಗಳನ್ನು ಚಿತ್ರರೂಪದಲ್ಲಿ ತೋರಿಸುವ ತಂತ್ರಾಂಶ ಬರೆದು, ಅದಕ್ಕೆ ತಮ್ಮನ್ನು ಕಾಡುತ್ತಿದ್ದ ವಂಚಕನೊಬ್ಬ ಬಳಸುತ್ತಿದ್ದ ಇಗೋರ್ ಎಂಬ ಹೆಸರನ್ನೇ ಇಟ್ಟರು. ಯಂತ್ರ ಅನುಮಾನಾಸ್ಪದವಾದುದನ್ನು ಎತ್ತಿ ತೋರಿಸಬೇಕು, ತೀರ್ಮಾನವನ್ನು ತರಬೇತಾದ ಮನುಷ್ಯ ಮಾಡಬೇಕು ಎಂಬ ಅಲ್ಲಿನ ಕೆಲಸದ ಹಂಚಿಕೆ ಇಂದಿಗೂ ಈ ಉದ್ಯಮದ ತಳಹದಿಯಾಗಿ ಉಳಿದಿದೆ.

ಇಂದಿನ ವ್ಯವಸ್ಥೆಯಲ್ಲಿ ಪ್ರತಿ ಆರ್ಡರಿಗೂ ಅಪಾಯದ ಅಂಕವೊಂದು ಬೀಳುತ್ತದೆ. ಖಾತೆ ತೆರೆದು ಎಷ್ಟು ದಿನವಾಯಿತು, ಇದೇ ಫೋನಿನಿಂದ ಇಂದು ಎಷ್ಟು ಕಾರ್ಡುಗಳನ್ನು ಬಳಸಲಾಗಿದೆ, ಫೋನಿರುವ ಊರಿಗೂ ಸರಕು ಹೋಗಬೇಕಾದ ಊರಿಗೂ ಎಷ್ಟು ದೂರ, ಕಾರ್ಡಿನ ಅಂಕಿಗಳನ್ನು ಬೆರಳಿನಿಂದ ತುಂಬಲಾಯಿತೇ ಅಥವಾ ಬೇರೆಡೆಯಿಂದ ನಕಲಿಸಿ ಅಂಟಿಸಲಾಯಿತೇ, ಆರ್ಡರು ಖಾಯಂ ಆದ ಮೇಲೆ ವಿಳಾಸ ಬದಲಾಯಿಸುವ ಕೋರಿಕೆ ಬಂದಿತೇ ಎಂಬಂಥ ಹತ್ತಾರು ಸುಳಿವುಗಳನ್ನು ಕೂಡಿಸಿ ಆ ಅಂಕವನ್ನು ಲೆಕ್ಕಹಾಕಲಾಗುತ್ತದೆ. ಸರಕಿನ ಜಾತಿಯೂ ಮುಖ್ಯ: ಕ್ಷಣದಲ್ಲಿ ಕೈಸೇರಿ ಕ್ಷಣದಲ್ಲಿ ಮರುಮಾರಾಟವಾಗುವ ಗಿಫ್ಟ್ ಕಾರ್ಡು, ದುಬಾರಿ ಫೋನು, ಚಿನ್ನದ ನಾಣ್ಯಗಳ ಮೇಲೆ ಇರುವಷ್ಟು ಕಣ್ಣು ಅಕ್ಕಿಚೀಲದ ಮೇಲೆ ಇರುವುದಿಲ್ಲ. ಅಮೆರಿಕ, ಕೆನಡಾ, ಬ್ರಿಟನ್ನುಗಳಲ್ಲಿ ಗ್ರಾಹಕ ಕೊಟ್ಟ ಮನೆಸಂಖ್ಯೆ ಮತ್ತು ಅಂಚೆಸೂಚಿಯನ್ನು ಬ್ಯಾಂಕಿನ ದಾಖಲೆಯೊಡನೆ ತಾಳೆನೋಡುವ ಏರ್ಪಾಡೂ ಇದೆ. ಅಂಕ ಕಡಿಮೆಯಿದ್ದ ಆರ್ಡರು ಮುಂದೆ ಸಾಗುತ್ತದೆ, ತೀರಾ ಹೆಚ್ಚಿದ್ದದ್ದು ಅಲ್ಲಿಯೇ ನಿಲ್ಲುತ್ತದೆ, ನಡುವಿನದನ್ನು ಸಿಬ್ಬಂದಿಯೊಬ್ಬರು ಕುಳಿತು ಪರಿಶೀಲಿಸುತ್ತಾರೆ.

ಈ ಅಂಕಗಳನ್ನು ಈಗ ಬಹುಪಾಲು ಹಳೆಯ ವ್ಯವಹಾರಗಳಿಂದ ಕಲಿಯುವ ಕಂಪ್ಯೂಟರು ಪ್ರೋಗ್ರಾಮುಗಳೇ ನೀಡುತ್ತವೆ. ಅವುಗಳ ಕಲಿಕೆಯಲ್ಲಿ ಎರಡು ಕುಂದುಗಳಿವೆ. ವಂಚನೆಯ ದೂರು ತಡವಾಗಿ ಬರುತ್ತದೆ. ಕಾರ್ಡು ಜಾಲಗಳ ನಿಯಮದಂತೆ ಅದಕ್ಕೆ 120 ದಿನಗಳವರೆಗೂ ಅವಕಾಶವಿರುವುದರಿಂದ, ಪ್ರೋಗ್ರಾಮು ಇಂದು ಗುರುತಿಸುವುದು ಕೆಲವು ತಿಂಗಳ ಹಿಂದಿನ ಕಳ್ಳರ ವರಸೆಯನ್ನು. ಇನ್ನೊಂದು ಕುಂದು ಇದಕ್ಕಿಂತ ಆಳವಾದುದು: ತಿರಸ್ಕೃತವಾದ ಆರ್ಡರು ನಿಜಕ್ಕೂ ವಂಚಕರದೇ ಆಗಿತ್ತೇ ಎಂಬುದು ಬಹುತೇಕ ಎಂದಿಗೂ ತಿಳಿಯುವುದಿಲ್ಲ, ಆದ್ದರಿಂದ ತಪ್ಪಾಗಿ ಹೊರಗಟ್ಟಲ್ಪಟ್ಟ ಪ್ರಾಮಾಣಿಕರು ಯಾವ ಲೆಕ್ಕದಲ್ಲೂ ಸೇರುವುದಿಲ್ಲ.

ಹೊಸದಾಗಿ ವಿದೇಶಕ್ಕೆ ಹೋಗಿ, ಹೊಸ ಬ್ಯಾಂಕಿನ ಹೊಸ ಕಾರ್ಡಿನಿಂದ, ಎರಡು ತಿಂಗಳಲ್ಲಿ ಮೂರು ಸಲ ಬದಲಾದ ಬಾಡಿಗೆ ವಿಳಾಸಕ್ಕೆ ಲ್ಯಾಪ್‌ಟಾಪ್ ತರಿಸಿಕೊಳ್ಳುವ ವಿದ್ಯಾರ್ಥಿಯಾಗಲಿ, ಮಗನ ಕಾರ್ಡಿನಿಂದ ಬೇರೊಂದು ಊರಿನಲ್ಲಿ ಕೊಳ್ಳುವ ವೃದ್ಧ ತಾಯಿಯಾಗಲಿ, ಯಂತ್ರದ ದೃಷ್ಟಿಯಲ್ಲಿ ವಂಚಕರನ್ನೇ ಹೋಲುತ್ತಾರೆ. ನಿರಾಕರಣೆಗೆ ಕಾರಣವನ್ನು ವಿವರಿಸಿದರೆ ಕಳ್ಳರಿಗೆ ಪಾಠ ಹೇಳಿದಂತಾಗುತ್ತದೆ ಎಂಬ ನೆಪದಲ್ಲಿ ಅವರಿಗೆ ಏನನ್ನೂ ತಿಳಿಸಲಾಗುವುದಿಲ್ಲ. ನೆಪದಲ್ಲಿ ಸತ್ಯಾಂಶವಿದೆ, ಆದರೆ ಮೇಲ್ಮನವಿಯೇ ಇಲ್ಲದ ಇಂಥ ತೀರ್ಪನ್ನು ಸಮಾಜ ಇಷ್ಟು ಸಲೀಸಾಗಿ ಒಪ್ಪಿಕೊಂಡಿರುವುದು, ಅದನ್ನು ಅನುಭವಿಸುವವರು ಚದುರಿಹೋಗಿರುವ ಕಾರಣದಿಂದಲೇ ಇರಬೇಕು.

ಭಾರತ ಹಿಡಿದ ಬೇರೆ ದಾರಿ

ಭಾರತದಲ್ಲಿ ಈ ಪತ್ತೇದಾರಿ ಕೆಲಸದ ಭಾರ ಅಂಗಡಿಗಳ ಮೇಲೆ ಅಷ್ಟಾಗಿ ಬೀಳದಿರಲು ಕಾರಣ ರಿಸರ್ವ್ ಬ್ಯಾಂಕಿನ ಒಂದು ಸುತ್ತೋಲೆ. ಕಾರ್ಡಿನ ಮೇಲೆ ಮುದ್ರಿತವಾಗಿರುವ ವಿವರಗಳಷ್ಟೇ ಸಾಲದು, ಕಾರ್ಡಿನ ಮೇಲೆ ಕಾಣದ, ಒಡೆಯರಿಗೆ ಮಾತ್ರ ತಿಳಿದಿರುವ ಇನ್ನೊಂದು ಗುರುತು ಆನ್‌ಲೈನ್ ಪಾವತಿಗೆ ಕಡ್ಡಾಯ ಎಂದು 2009ರ ಫೆಬ್ರುವರಿಯಲ್ಲಿ ಅದು ಆದೇಶಿಸಿತು. ಆಗಸ್ಟ್ 1ರಿಂದ ಆದೇಶ ಜಾರಿಗೆ ಬಂದಿತು. ಆರಂಭದಲ್ಲಿ ಗ್ರಾಹಕರು ಪಾಸ್‌ವರ್ಡ್ ನೆನಪಿಟ್ಟುಕೊಳ್ಳಬೇಕಿತ್ತು, ಕ್ರಮೇಣ ಅದರ ಸ್ಥಾನಕ್ಕೆ ಮೊಬೈಲಿಗೆ ಬರುವ ಒಟಿಪಿ ಬಂದಿತು.

ಇದಕ್ಕೆ ಆಧಾರವಾದದ್ದು ವೀಸಾ 2001ರಲ್ಲಿ ಹೊರತಂದಿದ್ದ ತ್ರೀ-ಡಿ ಸೆಕ್ಯೂರ್ ಎಂಬ ವಿಧಾನ. ಪಾವತಿಯ ನಡುವೆ ಗ್ರಾಹಕರನ್ನು ಅಂಗಡಿಯ ಪುಟದಿಂದ ಕಾರ್ಡು ಕೊಟ್ಟ ಬ್ಯಾಂಕಿನ ಪುಟಕ್ಕೆ ಕರೆದೊಯ್ಯುವುದು, ಅವರ ಗುರುತನ್ನು ಬ್ಯಾಂಕೇ ಪರೀಕ್ಷಿಸುವುದು ಇದರ ಕ್ರಮ. ಪರೀಕ್ಷಿಸಿದವರೇ ಹೊಣೆಗಾರರು ಎಂಬ ನ್ಯಾಯದಂತೆ, ಈ ಮಾರ್ಗವಾಗಿ ಬಂದ ಪಾವತಿ ಮುಂದೆ ವಂಚನೆಯೆಂದು ದೂರು ಬಂದರೆ ಹೊಣೆ ಸಾಮಾನ್ಯವಾಗಿ ಅಂಗಡಿಯಿಂದ ಬ್ಯಾಂಕಿಗೆ ವರ್ಗವಾಗುತ್ತದೆ. ಅಮೆರಿಕದ ಅಂಗಡಿಗಳಿಗೂ ಈ ಸೌಲಭ್ಯವಿತ್ತು. ಆದರೆ ನಡುವೆ ಬರುವ ಹೆಚ್ಚುವರಿ ಪುಟವನ್ನು ಕಂಡು ಗ್ರಾಹಕರು ಖರೀದಿಯನ್ನೇ ಕೈಬಿಡುತ್ತಾರೆ ಎಂಬ ಅಂಜಿಕೆಯಿಂದ ಹೆಚ್ಚಿನವು ಅದನ್ನು ಬಳಸದೆ, ವಂಚನೆಯ ನಷ್ಟವನ್ನೇ ವ್ಯಾಪಾರದ ಖರ್ಚೆಂದು ಬರೆದುಕೊಂಡವು. ಭಾರತದಲ್ಲಿ ಅಂಥ ಆಯ್ಕೆಯನ್ನು ಯಾರಿಗೂ ಬಿಡಲಿಲ್ಲ. ವಿದೇಶದ ಬ್ಯಾಂಕುಗಳ ಮೂಲಕ ಪಾವತಿ ಸ್ವೀಕರಿಸಿ ಈ ಕಟ್ಟಳೆಯನ್ನು ಬಳಸುದಾರಿಯಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಕಂಪನಿಗಳಿಗೂ 2014ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತಡೆಯೊಡ್ಡಿತು. ಯುರೋಪ್ ಇಂಥದೇ ನಿಯಮವನ್ನು ಜಾರಿಗೆ ತಂದದ್ದು 2019ರ ಸೆಪ್ಟೆಂಬರ್‌ನಲ್ಲಿ, ಅದೂ 30 ಯೂರೋಗಿಂತ ಕಡಿಮೆ ಮೊತ್ತದ ಪಾವತಿಗಳಿಗೆ ವಿನಾಯಿತಿಯೊಡನೆ.

ಬೆಲೆ ತೆರದೆ ಈ ರಕ್ಷಣೆ ದೊರೆಯಲಿಲ್ಲ. ಸಂದೇಶ ತಡವಾಗಿ ಬಂದು, ಮೊಬೈಲ್ ಸಂಪರ್ಕ ಕಡಿದುಹೋಗಿ ಅರ್ಧಕ್ಕೇ ನಿಂತ ಖರೀದಿಗಳು ದೇಶದ ಅಂಗಡಿಗಳಿಗೆ ಬಹುಕಾಲ ತಲೆನೋವಾಗಿದ್ದವು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭಿಸಿದ ಫ್ಲಿಪ್‌ಕಾರ್ಟ್ 2010ರಲ್ಲಿ ಮನೆಬಾಗಿಲಲ್ಲಿ ನಗದು ಪಡೆಯುವ ಪದ್ಧತಿಯನ್ನು ತಂದದ್ದು, ಕಾರ್ಡು ಇಲ್ಲದವರಿಗೂ ಇದ್ದೂ ನಂಬದವರಿಗೂ ಆನ್‌ಲೈನ್ ಅಂಗಡಿಯ ಬಾಗಿಲು ತೆರೆಯಿತು.

ಅಂಗಡಿಗಳ ಬಳಿ ದಾಸ್ತಾನಾಗಿದ್ದ ಕಾರ್ಡು ಸಂಖ್ಯೆಗಳ ಕಡೆಗೆ ರಿಸರ್ವ್ ಬ್ಯಾಂಕ್ ಆಮೇಲೆ ಗಮನ ಹರಿಸಿತು. 2022ರ ಅಕ್ಟೋಬರ್ 1ರಿಂದ ಭಾರತದ ಯಾವ ಅಂಗಡಿಯೂ ಗ್ರಾಹಕರ ಪೂರ್ಣ ಕಾರ್ಡು ಸಂಖ್ಯೆಯನ್ನು ಉಳಿಸಿಟ್ಟುಕೊಳ್ಳುವಂತಿಲ್ಲ. ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರನ್ನಷ್ಟೇ ಇಟ್ಟುಕೊಳ್ಳಬಹುದು. ಮುಂದಿನ ಖರೀದಿಗಳಿಗಾಗಿ ಸಂಖ್ಯೆಯ ಬದಲು ಟೋಕನ್ ಎಂಬ ಸಂಕೇತವನ್ನು ಕಾರ್ಡು ಜಾಲ ಅಥವಾ ಬ್ಯಾಂಕು ಕೊಡುತ್ತದೆ. ಅದು ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವ ಬಿಲ್ಲೆಯಂತೆ, ಕೊಟ್ಟ ಕಡೆಯಲ್ಲಿ ಬಿಟ್ಟು ಬೇರೆಲ್ಲೂ ಚಲಾವಣೆಯಾಗದು. ಅಂಗಡಿಯ ಕಂಪ್ಯೂಟರಿಗೆ ಕನ್ನ ಬಿದ್ದರೂ ಕಳ್ಳರಿಗೆ ಸಿಗುವುದು ಇಂಥ ಬಿಲ್ಲೆಗಳ ರಾಶಿಯಷ್ಟೆ.

ಕನ್ನ ಈಗ ಗ್ರಾಹಕನಿಗೆ

ಅಂಗಡಿಯೂ ಬ್ಯಾಂಕೂ ಭದ್ರವಾದಂತೆ ವಂಚಕರು ಉಳಿದ ದುರ್ಬಲ ಕೊಂಡಿಯಾದ ಗ್ರಾಹಕರ ಕಡೆಗೆ ತಿರುಗಿದರು. ಬ್ಯಾಂಕಿನ ಅಧಿಕಾರಿಯಂತೆ ಕರೆಮಾಡಿ ಕಾರ್ಡು ಸ್ಥಗಿತಗೊಳ್ಳಲಿದೆ ಎಂದು ಹೆದರಿಸುವುದು, ರಿವಾರ್ಡ್ ಅಂಕಗಳ ಆಮಿಷದ ನಕಲಿ ಕೊಂಡಿ ಕಳುಹಿಸುವುದು, ಫೋನಿನ ಪರದೆಯನ್ನು ದೂರದಿಂದ ನೋಡಬಲ್ಲ ಆ್ಯಪ್ ಹಾಕಿಸುವುದು, ಇವೆಲ್ಲವೂ ಕೊನೆಗೆ ಆ ಆರಂಕಿಯನ್ನು ಪಡೆಯುವ ದಾರಿಗಳು. ಹೀಗೆ ನಡೆದ ಖರೀದಿ ಅಂಗಡಿಯ ದಾಖಲೆಯಲ್ಲಿ ನಿಷ್ಕಳಂಕವಾಗಿರುತ್ತದೆ: ಕಾರ್ಡು ಸರಿ, ಒಟಿಪಿ ಸರಿ, ಬ್ಯಾಂಕಿನ ಒಪ್ಪಿಗೆಯೂ ಸರಿ.

ಆಗ ನಷ್ಟ ಯಾರದು? ಈ ವಿಷಯದಲ್ಲಿ 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಮುಖ್ಯವಾದುದು. ಬ್ಯಾಂಕಿನ ಲೋಪದಿಂದ ಹಣ ಹೋದರೆ ಗ್ರಾಹಕರಿಗೆ ಹೊಣೆಯಿಲ್ಲ; ಬ್ಯಾಂಕಿನದೂ ಗ್ರಾಹಕರದೂ ಅಲ್ಲದ ಲೋಪವಾಗಿದ್ದು, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರಿದರೂ ಹೊಣೆಯಿಲ್ಲ; ನಾಲ್ಕರಿಂದ ಏಳು ದಿನಗಳೊಳಗೆ ದೂರಿದರೆ ಹೊಣೆಗೆ ಮಿತಿಯಿದ್ದು, 5 ಲಕ್ಷ ರೂಪಾಯಿವರೆಗಿನ ಮಿತಿಯ ಕ್ರೆಡಿಟ್ ಕಾರ್ಡುಗಳಿಗೆ ಅದು 10,000 ರೂಪಾಯಿ, ಅದಕ್ಕೂ ಮೇಲ್ಪಟ್ಟವಕ್ಕೆ 25,000 ರೂಪಾಯಿ. ಆದರೆ ಗ್ರಾಹಕರೇ ಗುಪ್ತ ವಿವರವನ್ನು ಹಂಚಿಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ. ಗ್ರಾಹಕರ ತಪ್ಪನ್ನು ಸಾಬೀತುಪಡಿಸುವ ಹೊರೆಯನ್ನು ಸುತ್ತೋಲೆ ಬ್ಯಾಂಕಿನ ಮೇಲೆ ಹೊರಿಸಿದೆ ನಿಜ. ಆದರೂ ಸರಿಯಾದ ಒಟಿಪಿ ದಾಖಲಾಗಿರುವಾಗ ತಾನು ಮೋಸಹೋದೆ ಎಂಬ ಮಾತಿಗೆ ಎಷ್ಟು ತೂಕ ಉಳಿಯುತ್ತದೆ ಎಂಬುದನ್ನು ಊಹಿಸಬಹುದು. ಅಮೆರಿಕದಲ್ಲಿ ಅಂಗಡಿಯ ಪುಸ್ತಕದಲ್ಲಿ ಬೀಳುತ್ತಿದ್ದ ನಷ್ಟ, ಇಲ್ಲಿ ಹೀಗೆ ಮನೆಯ ಪುಸ್ತಕಕ್ಕೆ ಇಳಿದಿದೆ.

ಇಂಥ ಪ್ರಕರಣಗಳಲ್ಲಿ ಅಂಗಡಿ ಮಾಡಬಹುದಾದದ್ದು ಸ್ವಲ್ಪವೇ, ಅದೂ ಸಮಯದ ಮೇಲೆ ನಿಂತದ್ದು. ಸೈಬರ್ ವಂಚನೆಯ ದೂರು ಸ್ವೀಕರಿಸುವ 1930 ಸಹಾಯವಾಣಿಗೆ ಅಥವಾ ಬ್ಯಾಂಕಿಗೆ ಬೇಗನೆ ದೂರು ತಲುಪಿ, ಅಲ್ಲಿಂದ ಅಂಗಡಿಗೆ ಸುದ್ದಿ ಮುಟ್ಟಿದರೆ, ಉಗ್ರಾಣ ಬಿಡದ ಸರಕನ್ನು ನಿಲ್ಲಿಸಬಹುದು, ಬಳಕೆಯಾಗದ ಗಿಫ್ಟ್ ಕಾರ್ಡನ್ನು ರದ್ದುಪಡಿಸಬಹುದು.

ಕಾರ್ಡು ನಿಜ, ದೂರು ಸುಳ್ಳು

ಕೊಂಡದ್ದು ತಾವೇ ಆಗಿದ್ದು, ಸರಕೂ ಕೈಸೇರಿದ್ದು, ಆಮೇಲೆ ಅದು ತಮ್ಮ ಖರೀದಿಯಲ್ಲ ಅಥವಾ ಸರಕು ಬರಲೇ ಇಲ್ಲ ಎಂದು ಬ್ಯಾಂಕಿಗೆ ದೂರುವವರದು ಇನ್ನೊಂದು ಬಗೆ. ಇದರಲ್ಲಿ ಹಟಮಾರಿ ವಂಚನೆಯಷ್ಟೇ ಮರೆವೂ ಇದೆ. ಮನೆಯ ಮಕ್ಕಳು ಆಟದ ಆ್ಯಪಿನಲ್ಲಿ ಕೊಂಡದ್ದು, ಬಿಲ್ಲಿನಲ್ಲಿ ಅಂಗಡಿಯ ಹೆಸರಿನ ಬದಲು ಮುದ್ರಿತವಾದ ಅಪರಿಚಿತ ಕಂಪನಿಯ ಹೆಸರು ಇಂಥ ದೂರುಗಳಿಗೆ ಕಾರಣವಾಗುವುದುಂಟು. ಅಂಗಡಿಯ ಬಳಿ ಇರುವ ಅಸ್ತ್ರ ಸಾಕ್ಷ್ಯವೊಂದೇ. ಸರಕು ಒಪ್ಪಿಸುವಾಗ ಒಟಿಪಿ ಕೇಳುವುದು, ಬಾಗಿಲ ಬಳಿ ಪೆಟ್ಟಿಗೆಯ ಚಿತ್ರ ತೆಗೆಯುವುದು, ದುಬಾರಿ ವಸ್ತುಗಳ ಪೆಟ್ಟಿಗೆಯನ್ನು ಗ್ರಾಹಕರ ಎದುರಿಗೇ ತೆರೆದು ತೋರಿಸುವುದು ಇದಕ್ಕಾಗಿಯೇ ಬಂದ ಪದ್ಧತಿಗಳು. ಅದೇ ಕಾರ್ಡಿನಿಂದ, ಅದೇ ಫೋನಿನಿಂದ ಮೊದಲು ನಡೆದು ಯಾರೂ ಆಕ್ಷೇಪಿಸದ ಎರಡು ಹಳೆಯ ಖರೀದಿಗಳನ್ನು ಅಂಗಡಿ ತೋರಿಸಬಲ್ಲದಾದರೆ ಅದನ್ನು ಬಲವಾದ ಸಾಕ್ಷ್ಯವೆಂದು ಪರಿಗಣಿಸುವ ನಿಯಮವನ್ನು ವೀಸಾ 2023ರ ಏಪ್ರಿಲ್‌ನಲ್ಲಿ ತಂದಿತು.

ಗಡಿ ದಾಟುವ ಪಾವತಿ

ಚನ್ನಪಟ್ಟಣದ ಗೊಂಬೆಯನ್ನೋ ಇಳಕಲ್ ಸೀರೆಯನ್ನೋ ತಮ್ಮದೇ ಜಾಲತಾಣದಿಂದ ಅಮೆರಿಕದ ಗ್ರಾಹಕರಿಗೆ ಮಾರಲು ಹೊರಟ ಸಣ್ಣ ವ್ಯಾಪಾರಿಗೆ ಒಟಿಪಿ ಕಡ್ಡಾಯವಾದ ಮತ್ತು ಕಡ್ಡಾಯವಲ್ಲದ ಎರಡು ಲೋಕಗಳ ಅಂತರ ನೇರವಾಗಿ ತಟ್ಟುತ್ತದೆ. ವಿದೇಶದಲ್ಲಿ ಕೊಟ್ಟ ಕಾರ್ಡಿಗೆ ಭಾರತದ ಒಟಿಪಿ ಕಟ್ಟಳೆ ಅನ್ವಯಿಸುವುದಿಲ್ಲ. ಎರಡನೆಯ ಗುರುತಿಲ್ಲದೆ ಬಂದ ಪಾವತಿ ಮುಂದೆ ವಂಚನೆಯೆಂದು ಕಂಡುಬಂದರೆ ಹೋದ ಸೀರೆ ಹೋದಂತೆಯೇ. ದೊಡ್ಡ ಕಂಪನಿಗಳಂತೆ ಅಪಾಯದ ಅಂಕ ಹಾಕುವ ವ್ಯವಸ್ಥೆಯನ್ನು ಇವರು ಸ್ವತಃ ಕಟ್ಟಲಾರರು, ಪೇಮೆಂಟ್ ಗೇಟ್‌ವೇ ಕೊಡುವ ಸೇವೆಯನ್ನೇ ನೆಚ್ಚಬೇಕು; ಇಲ್ಲವೇ ಕಮಿಷನ್ ತೆತ್ತು ದೊಡ್ಡ ಮಾರುಕಟ್ಟೆ ತಾಣಗಳ ಆಶ್ರಯ ಪಡೆಯಬೇಕು.

ಎದುರು ದಿಕ್ಕಿನಲ್ಲಿ, ಭಾರತದ ಕಾರ್ಡುಗಳು ಒಟಿಪಿ ಕೇಳದ ವಿದೇಶಿ ತಾಣಗಳಲ್ಲಿ ದುರ್ಬಳಕೆಯಾಗುವುದು ಹಳೆಯ ದೂರು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನಗಳು ಇದನ್ನೂ ಸೇರಿಸಿಕೊಂಡಿದ್ದು, ವಿದೇಶಿ ಅಂಗಡಿ ಕೇಳಿದಾಗ ಎರಡನೆಯ ಗುರುತನ್ನು ಪರೀಕ್ಷಿಸುವ ವ್ಯವಸ್ಥೆಯನ್ನು ಕಾರ್ಡು ಕೊಟ್ಟ ಬ್ಯಾಂಕುಗಳು 2026ರ ಅಕ್ಟೋಬರ್ 1ರೊಳಗೆ ಸಿದ್ಧಪಡಿಸಬೇಕು ಎಂದು ಹೇಳುತ್ತವೆ. ದೇಶದೊಳಗಿನ ಪಾವತಿಗಳಿಗೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಭಾಗ ಸಂದೇಶದ ಒಟಿಪಿಗೇ ಜೋತುಬೀಳದೆ ಬೆರಳಚ್ಚಿನಂಥ ಇತರ ಗುರುತುಗಳಿಗೂ, ಗ್ರಾಹಕರ ನಡವಳಿಕೆ ಮತ್ತು ಸ್ಥಳವನ್ನು ನೋಡಿ ಅಪಾಯ ಅಳೆಯುವ ಹೆಚ್ಚುವರಿ ತಪಾಸಣೆಗೂ ಅವಕಾಶ ಕೊಡುತ್ತದೆ. ಅಂದರೆ ಅಮೆರಿಕದ ಅಂಗಡಿಗಳು ಕಲಿತ ಅಂಕ ಹಾಕುವ ವಿದ್ಯೆ ಇಲ್ಲಿ ಬ್ಯಾಂಕಿನ ಮನೆಗೆ ಬರುತ್ತಿದೆ. ನಿಯಮ ಪಾಲಿಸದೆ ನಡೆಸಿದ ಪಾವತಿಯಿಂದ ನಷ್ಟವಾದರೆ ಬ್ಯಾಂಕು ಗ್ರಾಹಕರಿಗೆ ಪೂರ್ತಿ ಹಣ ಭರಿಸಬೇಕೆಂಬ ವಾಕ್ಯವೂ ಅದರಲ್ಲಿ ಇದೆ. ನಿಯಮದಂತೆಯೇ ಎಲ್ಲ ಪರೀಕ್ಷೆಗಳೂ ನಡೆದು, ಫೋನಿನ ಆ ತುದಿಯ ದನಿಯನ್ನು ನಂಬಿ ಗ್ರಾಹಕರೇ ಅಂಕಿಗಳನ್ನು ಒಪ್ಪಿಸಿದ ಪ್ರಕರಣ ಆ ವಾಕ್ಯದ ವ್ಯಾಪ್ತಿಗೆ ಬರುವುದಿಲ್ಲ.